ಮದ್ರಾಸಿನ ಹತ್ತಿ ಮಿಲ್ಲಿಗೆ ಹೋದ ನನ್ನ ರೇಷ್ಮೆ ಹುಳ

ಕಟ್ಟಿದವು! ಮದ್ರಾಸಿನಲ್ಲಿ ಬಾಗಿಲು ಹಾಕಿದ ಹತ್ತಿ ಮಿಲ್ಲಿನೊಳಗೆ ನಮ್ಮೂರಿನ ರೇಷ್ಮೆ ಹುಳ ಗೂಡು ಕಟ್ಟಿದವು. ನನ್ನ ಮೊಮ್ಮಗಳು ಚೈತ್ರಳಿಗೆ ಅಲ್ಲಿ ಕೆಲಸ ಮಾಡಲು ಒಂದು ಶೆಡ್ಡು ಸಿಕ್ಕಿತು. ಈ ಎರಡು ಮಾತು ಮೊದಲು ಹೇಳಿಬಿಡದಿದ್ದರೆ ನನ್ನ ಕೈಯಿಂದ ಮುಂದಿನ ಒಂದಕ್ಷರವೂ ಇಳಿಯುವುದಿಲ್ಲ. ಹಾಲಿನ ಡೈರಿಯ ಮುಂದೆ ಹೇಳಿದ್ದಾಯಿತು, ಗೂಡಿನ ಮಾರುಕಟ್ಟೆಯಲ್ಲಿ ಹೇಳಿದ್ದಾಯಿತು, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದಾಯಿತು. ಉಳಿದವರು ನೀವು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಕನಕಪುರದ ಕಡೆಯ ಹಳ್ಳಿಯವಳು. ಮದುವೆಯಾಗಿ ಬಂದ ದಿನದಿಂದ ಹುಳ ಮೇಯಿಸಿದ್ದೇನೆ. ಹುಳದ ಮನೆಗೆ ಕೆಲವು ಕಟ್ಟುಪಾಡುಗಳಿವೆ. ಅಲ್ಲಿ ಬೀಡಿ ಸೇದುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಸೆಂಟು ಬಳಿದುಕೊಂಡು ಬರುವ ಹಾಗಿಲ್ಲ. ಹುಳ ಗೂಡಿಗೆ ಏರಿದ ಮೇಲಂತೂ ನಮ್ಮ ಮನೆಯಲ್ಲಿ ಸಾರಿಗೆ ಒಗ್ಗರಣೆಯನ್ನೇ ಹಾಕುವುದಿಲ್ಲ. ಎಣ್ಣೆಯ ಘಾಟು ಅವಕ್ಕೆ ಆಗದು ಎಂದು ನಮ್ಮತ್ತೆ ಹೇಳಿದ್ದರು. ನಾನು ಪರೀಕ್ಷೆ ಮಾಡಲು ಹೋಗಿಲ್ಲ, ಹಾಕಿಲ್ಲ, ಅಷ್ಟೆ.

ನನ್ನ ಮಗ ಶಿವಣ್ಣ ರೈಲ್ವೆ ಕೆಲಸದ ಮೇಲೆ ಮದ್ರಾಸಿಗೆ ಹೋಗಿ ಪುರಸೈವಾಕ್ಕಂನಲ್ಲಿ ಮನೆ ಮಾಡಿದ್ದಾನೆ. ಚೈತ್ರ ಅಲ್ಲೇ ಹುಟ್ಟಿದವಳು. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಚಿತ್ರ ಬರೆಯುವ ಕಾಲೇಜಿನಲ್ಲಿ ಓದಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಫೋನು ಮಾಡಿದಳು.

"ಅಜ್ಜಿ, ಎನಕ್ಕು ನಿನ್ನ ಪುಳು ಬೇಕು. ಉಯಿರೋಡ."

ಹುಳ ಬೇಕಂತೆ, ಜೀವಂತವಾಗಿ! ಅವಳ ಮನೆಯ ಹತ್ತಿರ ಒಂದು ಹತ್ತಿ ಮಿಲ್ಲು ಮುಚ್ಚಿ ಬಹಳ ವರ್ಷವಾಗಿತ್ತು. ಆಮೇಲೆ ಅದರ ಶೆಡ್ಡುಗಳಿಗೆ ಚಿತ್ರ ಬರೆಯುವವರು, ಗೊಂಬೆ ಮಾಡುವವರು, ತಮಟೆ ಬಾರಿಸುವವರು ಬಂದು ಸೇರಿದ್ದರು. ಎಲ್ಲವನ್ನೂ ನೋಡಿಕೊಳ್ಳುವವರು ಒಬ್ಬ ಮೇಡಂ. ಒಂದು ಶೆಡ್ಡು ಖಾಲಿಯಿತ್ತು. ಅದನ್ನು ಕೇಳಿದವರು ಚೈತ್ರ ಮತ್ತು ಇನ್ನೊಬ್ಬ ಹುಡುಗ. ಭಾನುವಾರ ಸಂಜೆ ಮೇಡಂ ಬಂದು ಇಬ್ಬರ ಕೆಲಸವನ್ನೂ ನೋಡಿ, ಯಾರಿಗೆ ಅಂತ ಹೇಳುತ್ತಾರೆ.

"ಚಿತ್ರ ಬರೆದು ತೋರಿಸವ್ವ, ಹುಳ ಯಾಕೆ?" ಎಂದೆ.

"ಅಲ್ಲಿ ನೂಲು ನಿಂತುಹೋಗಿದೆ ಅಜ್ಜಿ. ತಿರುಂಬ ಓಡಣುಂ."

ನಿಂತ ನೂಲು ತಿರುಗಿ ಓಡಬೇಕು ಎಂದಳು ಹುಡುಗಿ. ನನಗೆ ಅವಳ ಕಲೆ ಗೊತ್ತಾಗಲಿಲ್ಲ, ಹಟ ಗೊತ್ತಾಯಿತು. ಅದು ನನ್ನದೇ. "ಬತ್ತೀನಿ, ಇಡು" ಎಂದು ಫೋನು ಇಟ್ಟೆ.

ಬೀನ್ಸಿನ ಲಾರಿ

ಹುಳವನ್ನು ರೈಲಿನಲ್ಲಿ ಕರೆದುಕೊಂಡು ಹೋಗಬಹುದು, ಚಂದ್ರಿಕೆಯನ್ನು ಹೇಗೆ ಹತ್ತಿಸುವುದು? ಹುಳ ಗೂಡು ಕಟ್ಟುವುದು ಚಂದ್ರಿಕೆಯ ಮೇಲೆ. ಅದು ಬಿದಿರಿನ ದೊಡ್ಡ ತಟ್ಟಿ, ಅದರ ಮೇಲೆ ಸುರುಳಿ ಸುರುಳಿಯಾಗಿ ಸುತ್ತಿದ ಬಿದಿರ ಪಟ್ಟಿ. ಆಳೆತ್ತರ ಇರುತ್ತದೆ. ನನ್ನ ತಮ್ಮನ ಮಗ ಮಾದೇಶ ಮದ್ರಾಸಿನ ಕೋಯಂಬೇಡು ಮಾರುಕಟ್ಟೆಗೆ ಲಾರಿಯಲ್ಲಿ ಬೀನ್ಸು ಹೊಡೆಯುತ್ತಾನೆ. ಅವನನ್ನು ಹಿಡಿದೆ.

"ಅತ್ತೆ, ಜನ ಮೊಮ್ಮಕ್ಳಿಗೆ ಚಕ್ಲಿ ನಿಪ್ಪಟ್ಟು ತಕೊಂಡೋಯ್ತರೆ. ನೀನು ಹುಳ ತಕೊಂಡೋಯ್ತಿದ್ದೀಯಲ್ಲ!"

"ಮುಚ್ಕೊಂಡು ಚಂದ್ರಿಕೆ ಕಟ್ಲಾ ಮೇಲೆ. ಆಮೇಲೆ, ಬೀಡಿ ಸೇದಂಗಿಲ್ಲ ಕಣ್ಲಾ ದಾರೀಲಿ."

"ಮದ್ರಾಸ್ ಗಂಟಾ?"

"ಮದ್ರಾಸ್ ಗಂಟಾನೂವೆ."

ಹುಳ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪನ್ನು ಬಾಚಿ ಬಾಚಿ ತಿನ್ನುತ್ತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಮ್ಮೂರಿನ ಚಳಿಗೆ ಇನ್ನೂ ಎರಡು ದಿನ ತಿಂದು ಹಣ್ಣಾಗಿ ಗೂಡು ಕಟ್ಟಲು ತಯಾರಾಗುತ್ತವೆ, ಶನಿವಾರ ಚಂದ್ರಿಕೆಗೆ ಏರಿಸಿದರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಗುರುವಾರ ಸಂಜೆ ಹೊರಟೆವು. ಲಾರಿಯ ಹಿಂದೆ ಇಟ್ಟರೆ ಗಾಳಿ ಬಡಿಯುತ್ತದೆಂದು ಬುಟ್ಟಿಗಳನ್ನು ಮುಂದೆ ನನ್ನ ಕಾಲ ಬಳಿಯೇ ಇಟ್ಟುಕೊಂಡೆ. ಬೆಚ್ಚಗಿತ್ತು. ಎಷ್ಟು ಚೆನ್ನಾಗಿ ನೋಡಿಕೊಂಡೆ ಎಂದು ನನಗೆ ನಾನೇ ಬೀಗುತ್ತಾ ತೂಕಡಿಸಿದೆ. ಆ ಬೆಚ್ಚಗೆ ಎಲ್ಲಿಂದ ಬರುತ್ತಿದೆ ಎಂದು ಯೋಚಿಸಲಿಲ್ಲ. ನನ್ನ ಕಾಲ ಪಕ್ಕದಲ್ಲೇ ಇಂಜಿನ್ನು ಕುದಿಯುತ್ತಿತ್ತು.

ಕೋಯಂಬೇಡು

ಬೆಳಕು ಹರಿಯುವ ಹೊತ್ತಿಗೆ ಕೋಯಂಬೇಡು. ನಮ್ಮ ರಾಮನಗರದ ಗೂಡಿನ ಮಾರುಕಟ್ಟೆಯೇ ದೊಡ್ಡದು ಎಂದುಕೊಂಡಿದ್ದ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಕುಂಬಳಕಾಯಿಯ ಗುಡ್ಡ, ಎಲೆಕೋಸಿನ ಗೋಡೆ. ತಲೆಯ ಮೇಲೆ ಮೂಟೆ ಹೊತ್ತು ಓಡುವವರು "ವಳಿ, ವಳಿ" ಎಂದು ದಾರಿ ಕೇಳುತ್ತಿದ್ದರು, ಆದರೆ ದಾರಿ ಬಿಡುವವರೆಗೆ ಕಾಯುತ್ತಿರಲಿಲ್ಲ. ನಮ್ಮಲ್ಲಿ ಗೂಡಿನ ದರವನ್ನು ಕಿವಿಯಲ್ಲಿ ಹೇಳುತ್ತಾರೆ. ಇವರು ಬದನೆಕಾಯಿಯ ದರವನ್ನು ಆಕಾಶಕ್ಕೆ ಕೇಳಿಸುತ್ತಾರೆ.

ಬುಟ್ಟಿಯ ಬಟ್ಟೆ ತೆಗೆದೆ.

ಸೊಪ್ಪು ಹಾಗೇ ಉಳಿದಿತ್ತು. ಹುಳ ತಲೆ ಎತ್ತಿ ಅತ್ತ ಇತ್ತ ತೂಗುತ್ತಿದ್ದವು. ಒಂದನ್ನು ಬೆಳಕಿಗೆ ಹಿಡಿದೆ. ಹಣ್ಣಾದ ದ್ರಾಕ್ಷಿಯಂತೆ ಮೈಯೊಳಗೆಲ್ಲ ಬೆಳಕು. ಒಂದೆರಡು ಆಗಲೇ ಬುಟ್ಟಿಯ ಅಂಚಿಗೆ ಎಳೆ ಹಚ್ಚಿದ್ದವು. ಇಂಜಿನ್ನಿನ ಬಿಸಿಗೆ ಒಂದು ದಿನ ಮೊದಲೇ ಹಣ್ಣಾಗಿಬಿಟ್ಟಿದ್ದವು. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ. ಈಗಲೇ ಏರಿಸದಿದ್ದರೆ ನೂಲೆಲ್ಲ ಬುಟ್ಟಿಗೇ ಹೋಗುತ್ತದೆ, ಚೈತ್ರಳ ಭಾನುವಾರಕ್ಕೆ ಏನೂ ಉಳಿಯುವುದಿಲ್ಲ.

"ಮಾದೇಶ, ಚಂದ್ರಿಕೆ ಇಳಿಸ್ಲಾ! ಮನೆಗೆ ಹೋಗಾದಿಲ್ಲ, ಸೀದಾ ಮಿಲ್ಲಿಗೆ!"

"ಬೀನ್ಸು ಇಳಿಸ್ಬೇಡ್ವಾ ಅತ್ತೆ?"

"ಬೀನ್ಸು ಗೂಡು ಕಟ್ತದಾ?"

ಮೂಟೆ ಹೊರುವವರು ಸುತ್ತ ಸೇರಿದರು. "ಎನ್ನ ಪಾಟಿ, ಪುಳು ವಿಯಾಪಾರಮಾ?" ಎಂದು ಒಬ್ಬ ಕೇಳಿದ. ಹುಳದ ವ್ಯಾಪಾರವಾ ಎಂದು ಅಜ್ಜಿಯನ್ನು ತಮಾಷೆ ಮಾಡಿದವನೇ ಲಾರಿಯ ಮೇಲೆ ಹತ್ತಿ ಚಂದ್ರಿಕೆಗಳನ್ನು ಇಳಿಸಿಕೊಟ್ಟ. ಅಷ್ಟರಲ್ಲಿ ಮಗ ಬಂದ, ಒಂದು ಮೂರು ಗಾಲಿಯ ಮೋಟಾರು ಗಾಡಿ ಕರೆತಂದ. ಹತ್ತಿರ ಹೋಗಿ ಮೂಸಿದೆ. ಮೀನು ಸಾಗಿಸುವ ಗಾಡಿ!

"ಅವ್ವ, ತೊಳೆದವ್ರೆ ಕಣವ್ವ."

"ತೊಳೆದಿರೋದು ಗಾಡೀನ. ವಾಸ್ನೇನಲ್ಲ."

ಕೊನೆಗೆ ಪುರಸೈವಾಕ್ಕಂ ಕಡೆಗೆ ಬಾಳೆ ಎಲೆ ಹೊತ್ತು ಹೊರಟ ಟೆಂಪೋ ಸಿಕ್ಕಿತು. ಹಸಿ ಎಲೆಯ ನಡುವೆ ನನ್ನ ಹುಳ ಮದುವೆ ಮನೆಗೆ ಹೊರಟ ಹಾಗೆ ಹೊರಟವು.

ಮಿಲ್ಲು, ಶುಕ್ರವಾರ

ಮಿಲ್ಲಿನ ಗೇಟಿನಲ್ಲಿ ಚೈತ್ರ ಓಡಿಬಂದು ತಬ್ಬಿಕೊಂಡಳು. ಕೈಗೆಲ್ಲ ಬಿಳಿ ಬಣ್ಣ.

"ಅಜ್ಜಿ, ನಿನಗೋಸ್ಕರ ಶೆಡ್ ಫುಲ್ಲಾ ಪೇಂಟ್ ಪಣ್ಣಿಟ್ಟೇನ್! ನೇತ್ತು ಮುಗಿಸಿದೆ."

ಆ ಖಾಲಿ ಶೆಡ್ಡಿನ ಬಾಗಿಲಿಗೆ ಹೋದೆ. ಗೋಡೆ ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಘಾಟು ಕಣ್ಣಿಗೇ ಬಂತು. ಅಜ್ಜಿ ಬರುತ್ತಾಳೆ, ಹುಳದ ಮನೆ ಶುದ್ಧವಾಗಿರಬೇಕು ಎಂದು ನಿನ್ನೆಯೆಲ್ಲ ನಿಂತು ಬಳಿದಿದ್ದಾಳೆ ಮಗು. ಬೈಯಲು ಬಾಯಿ ಬರಲಿಲ್ಲ.

"ಇಲ್ಲಿ ಆಗಲ್ಲ ಕಂದ. ಈ ವಾಸ್ನೆಗೆ ಒಂದೂ ಕಟ್ಟಲ್ಲ."

ಅವಳ ಮುಖ ಬಾಡಿತು. ಅಳು ಬರುವ ಮೊದಲೇ ಕೈ ಹಿಡಿದು ಎಳೆದೆ. "ಅಳಾಕೆ ಭಾನುವಾರ ಐತೆ. ಈಗ ಜಾಗ ಹುಡುಕು."

ಮಿಲ್ಲಿನೊಳಗಿನ ಬೀದಿಯುದ್ದಕ್ಕೂ ಮೂಸುತ್ತಾ ನಡೆದೆ. ಒಂದು ಶೆಡ್ಡಿನಲ್ಲಿ ಚಿತ್ರದ ಎಣ್ಣೆ. ಇನ್ನೊಂದರಲ್ಲಿ ತಮಟೆಯ ಚರ್ಮ ಕಾಯಿಸುವ ಹೊಗೆ. ಅದರಾಚೆ ಸೆಲ್ವಂ ಅನ್ನುವ ದಪ್ಪ ಮೀಸೆಯ ಆಳು, ಮಿಲ್ಲಿನ ಹಳೇ ಕಬ್ಬಿಣವನ್ನು ಬೆಸೆದು ಕುದುರೆ ಮಾಡುತ್ತಿದ್ದ. ನಮ್ಮೂರಲ್ಲಾದರೆ ಗುಜರಿಗೆ ಹಾಕುವ ಚಕ್ರ, ಸರಪಳಿ, ಬೋಲ್ಟು. ನೋಡಿದರೆ ಕುದುರೆ ಈಗ ಕೆನೆಯುತ್ತದೆ ಅನ್ನಿಸುತ್ತಿತ್ತು. ಅವನ ಮಗ್ಗುಲಲ್ಲಿ ಬೀಗ ಹಾಕಿದ ಒಂದು ಉದ್ದನೆಯ ಗೋದಾಮಿತ್ತು. ಬಾಗಿಲ ಸಂದಿಗೆ ಮೂಗಿಟ್ಟೆ. ಧೂಳು, ಹಳೇ ಹತ್ತಿ, ಮತ್ತೇನೂ ಇಲ್ಲ.

"ಇದೇ!"

ಬೀಗದ ಕೈ ಇದ್ದದ್ದು ಕಾವಲುಗಾರ ಏಳುಮಲೈ ಹತ್ತಿರ. ಮಿಲ್ಲು ನಡೆಯುವಾಗ ನೂಲುವ ವಿಭಾಗದಲ್ಲಿದ್ದವರು, ಈಗ ಗೇಟು ಕಾಯುತ್ತಾರೆ. ವಯಸ್ಸು ನನ್ನದೇ. ಕಿವಿಯ ಮೇಲೊಂದು ಬೀಡಿ, ಬೆರಳ ಸಂದಿಯಲ್ಲೊಂದು ಬೀಡಿ. ಬಾಗಿಲು ತೆಗೆದರು. ಬೀಡಿ ಆರಿಸಬೇಕು ಎಂದೆ. ಚೈತ್ರ ತಮಿಳಿನಲ್ಲಿ ಹೇಳಿದಳು.

"ಪೊಂಡಾಟ್ಟಿ ಸೊಲ್ಲಿಯೇ ವಿಡಲೆ. ಪುಳುವುಕ್ಕಾಹ ವಿಡಣುಮಾ?"

ಹೆಂಡತಿ ಹೇಳಿದರೇ ಬಿಡಲಿಲ್ಲ, ಹುಳಕ್ಕೋಸ್ಕರ ಬಿಡಬೇಕಾ ಎಂದರಂತೆ.

"ಇವರ ಹೆಂಡ್ತಿ ಗೂಡು ಕಟ್ತಾಳಾ ಕೇಳವ್ವ."

ಚೈತ್ರ ನಗುತ್ತಾ ಹೇಳಿದಳು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೀಡಿಯನ್ನು ಗೋಡೆಗೆ ಒತ್ತಿ ಆರಿಸಿದರು. ಕಿವಿಯ ಮೇಲಿನದನ್ನೂ ತೆಗೆಸಿ ಗೇಟಿನಾಚೆ ಇಡಿಸಿದೆ.

ಜಾಗ ಸಿಕ್ಕಿತು, ಗಾಳಿ ಸಿಗಲಿಲ್ಲ. ಮದ್ರಾಸಿನ ಗಾಳಿಯಲ್ಲಿ ನೀರಿದೆ. ಹುಳ ಏರಿದ ಮೇಲೆ ಒಂದು ಸಲ ಉಚ್ಚೆ ಹೊಯ್ಯುತ್ತವೆ, ಆ ತೇವ ಅಲ್ಲೇ ನಿಂತರೆ ಗೂಡು ಕೆಡುತ್ತದೆ. ಕಿಟಕಿಗಳ ಕಬ್ಬಿಣದ ಬಾಗಿಲು ತುಕ್ಕು ಹಿಡಿದು ಅಂಟಿಕೊಂಡಿದ್ದವು. ಚೈತ್ರ ಸೆಲ್ವಂ ಅಣ್ಣನನ್ನು ಕೂಗಿದಳು. ಆತ ಕುದುರೆ ಬಿಟ್ಟು ಸುತ್ತಿಗೆ ಹಿಡಿದು ಬಂದ. ಅವನ ಏಟಿಗೆ ಒಂದೊಂದೇ ಕಿಟಕಿ ಕಿರುಚುತ್ತಾ ತೆರೆಯಿತು. ಮುಚ್ಚಿದ ದಿನದಿಂದ ಒಳಗೇ ಕೂತಿದ್ದ ಹತ್ತಿಯ ಧೂಳು ಬಿಸಿಲಿನಲ್ಲಿ ಎದ್ದು ಹೊರಗೆ ಹೋಯಿತು, ಸಮುದ್ರದ ಕಡೆಯ ಗಾಳಿ ಒಳಗೆ ಬಂತು. ಗುಡಿಸಿ ಒರೆಸಿ, ಚಂದ್ರಿಕೆ ಒರಗಿಸಿ, ಚೈತ್ರಳ ಕೈಯನ್ನು ಬಣ್ಣ ಹೋಗುವ ತನಕ ಉಜ್ಜಿ ಉಜ್ಜಿ ತೊಳೆಸಿದೆ. ಅಜ್ಜಿ ಮೊಮ್ಮಗಳು ಕೂತು ಒಂದೊಂದೇ ಹುಳ ಎತ್ತಿ ಏರಿಸಿದೆವು.

ಮೊದಮೊದಲು ಅವಳು ಬೆರಳ ತುದಿಯಲ್ಲಿ ಹಿಡಿಯುತ್ತಿದ್ದಳು. ಬಿಸಿ ಚಪಾತಿ ಹಿಡಿದ ಹಾಗೆ. ಕೊನೆಯ ಬುಟ್ಟಿಯ ಹೊತ್ತಿಗೆ ಅಂಗೈ ತುಂಬಿಕೊಂಡು, "ವಾ ಕಂದ, ವಾ" ಎಂದು ಹುಳವನ್ನೇ ಕರೆಯುತ್ತಿದ್ದಳು.

ಪುರಸೈವಾಕ್ಕಂ ಮನೆ

ಆ ಸಂಜೆ ಮನೆಗೆ ಹೋದಾಗ ಸೊಸೆ ಸುಮಿತ್ರ ಬಾಣಲೆ ಇಟ್ಟಿದ್ದಳು. ಬಾಗಿಲಲ್ಲೇ ಕೂಗಿದೆ.

"ಒಗ್ಗರಣೆ ಹಾಕಬೇಡ ಸುಮಿತ್ರ! ಹುಳ ಏರವೆ!"

ಮಗ ತಟ್ಟೆಯ ಮುಂದೆ ಕೂತಿದ್ದ. "ಅವ್ವ, ಹುಳ ಅಲ್ಲೈತೆ, ಬಾಣಲೆ ಇಲ್ಲೈತೆ. ಮಧ್ಯೆ ಬಸ್ಸು, ಕಾರು, ಇಡೀ ಮದ್ರಾಸು ಐತೆ!"

"ನಾಳೆ ನಾವು ಅಲ್ಲಿಗೆ ಹೋಗಲ್ವಾ? ಸೀರೆ ನಮ್ಮ ಜತೆ ಬರಲ್ವಾ? ತಲೆಗೂದಲು ಬರಲ್ವಾ?"

ಸುಮಿತ್ರ ಗಂಡನ ಕಡೆ ತಿರುಗಿ ಕೂಡ ನೋಡದೆ ಒಲೆ ಆರಿಸಿದಳು. ಮಗ ಸಪ್ಪೆ ಸಾರು ಕಲಸಿಕೊಂಡು, ಪುರಸೈವಾಕ್ಕಂನ ಬಟ್ಟೆ ಅಂಗಡಿಗಳಲ್ಲಿರುವಷ್ಟು ಬಣ್ಣದ ಮುಖ ಮಾಡಿದ. ಆ ಬೀದಿಯ ಮಾತು ಬಂತು ಎಂದು ಹೇಳುತ್ತೇನೆ. ಅಲ್ಲಿ ಸ್ಟೀಲು ಪಾತ್ರೆಯ ಅಂಗಡಿಯಲ್ಲಿ ಹೆಂಗಸರು ಪಾತ್ರೆಯನ್ನು ಬೆರಳಲ್ಲಿ ತಟ್ಟಿ, ಕಿವಿಗೊಟ್ಟು ಕೇಳಿ ತೆಗೆದುಕೊಳ್ಳುತ್ತಾರೆ. ನಾವು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತೇವಲ್ಲ, ಹಾಗೇ. ಅದು ನೋಡಿ ಮದ್ರಾಸಿನವರು ನಮ್ಮವರೇ ಅನ್ನಿಸಿತು.

ಶನಿವಾರ

ಬೆಳಗ್ಗೆ ಗೋದಾಮಿಗೆ ಹೋಗಿ ನೋಡಿದರೆ ಅರ್ಧ ಚಂದ್ರಿಕೆಯಲ್ಲಿ ಹೊಂಬಣ್ಣದ ಎಳೆ ಹಬ್ಬಿತ್ತು. ಇನ್ನರ್ಧ ಬರಿದು. ಅಲ್ಲಿನ ಹುಳವೆಲ್ಲ ಒಂದೇ ಮೂಲೆಗೆ ತೆವಳಿ, ಒಂದರ ಮೇಲೊಂದು ರಾಶಿ ಬಿದ್ದಿದ್ದವು. ಗಾಳಿಗೆ ಎಂದು ತೆಗೆಸಿದ ಪೂರ್ವದ ಕಿಟಕಿಯಿಂದಲೇ ಎಳೆ ಬಿಸಿಲು ಚಂದ್ರಿಕೆಯ ಮೇಲೆ ಬಿದ್ದಿತ್ತು. ಕಟ್ಟುವ ಹುಳಕ್ಕೆ ನೇರ ಬೆಳಕು ಆಗುವುದಿಲ್ಲ. ಕಿಟಕಿ ಮುಚ್ಚಿದರೆ ಗಾಳಿ ಇಲ್ಲ, ತೆರೆದಿಟ್ಟರೆ ನೆರಳಿಲ್ಲ.

"ದೊಡ್ಡ ಬಟ್ಟೆ ಬೇಕು, ಕಿಟಕಿಯಿಂದ ಮಾರುದ್ದ ಈಚೆ ಕಟ್ಟಾಕೆ. ವಾಸ್ನೆ ಇಲ್ದೇ ಇರೋದು."

ಚೈತ್ರ ಹೋಗಿ ಒಂದು ಸುರುಳಿ ಹೊತ್ತು ತಂದಳು. ಚಿತ್ರ ಬರೆಯುವ ದಪ್ಪ ಬಟ್ಟೆ. ಬಣ್ಣ ಮುಟ್ಟಿರದ ಕೋರಾ ಬಟ್ಟೆ, ಗೋಡೆಯಷ್ಟು ದೊಡ್ಡದು.

"ಇದ್ಯಾಕೆ ಇಟ್ಟಿದ್ದೆ?"

ತಲೆ ತಗ್ಗಿಸಿದಳು. "ಹುಳ ಕಟ್ಟದಿದ್ರೆ... ಭಾನುವಾರಕ್ಕೆ ಒಂದು ಚಿತ್ರ ಮಾಡೋಣ ಅಂತ. ಬ್ಯಾಕಪ್ ಅಜ್ಜಿ."

ನನ್ನ ಹುಳದ ಮೇಲೆ ಇಷ್ಟೇನಾ ನಂಬಿಕೆ ಎಂದು ಒಂದು ಗಳಿಗೆ ಚುರುಕ್ ಎಂದಿತು. ಆಮೇಲೆ ಅವಳ ಮುಖ ನೋಡಿದೆ. ಈ ಬಟ್ಟೆ ಕಟ್ಟಿದರೆ ಅವಳ ಕೈಯಲ್ಲಿ ಬೇರೇನೂ ಉಳಿಯುವುದಿಲ್ಲ. ಹುಳ ಕಟ್ಟಿದರೆ ಉಂಟು, ಇಲ್ಲದಿದ್ದರೆ ಶೆಡ್ಡು ಆ ಹುಡುಗನದು.

"ಬೇಡ ಕಂದ. ಸೀರೆ ತರಿಸೋಣ, ಹೊಲಿಯೋಣ."

"ಹೊಲಿಯೋಕೆ ಟೈಮ್ ಇಲ್ಲೆ. ಇದು ಬೇಡ ನನಗೆ. ಕಟ್ಟು ಅಜ್ಜಿ."

ಸೆಲ್ವಂ ಏಣಿ ಹಾಕಿ ಕಟ್ಟಿದ. ಗಾಳಿ ಬಟ್ಟೆಯ ಎರಡೂ ಬದಿಯಿಂದ ಬಂತು, ಬಿಸಿಲು ಅದರಾಚೆಯೇ ನಿಂತಿತು. ರಾಶಿ ಬಿದ್ದ ಹುಳವನ್ನು ಬಿಡಿಸಿ ಬಿಡಿಸಿ ಹರಡಿದೆವು. ಚೈತ್ರ ಆ ದಿನವೆಲ್ಲ ಬೀದಿಗೆ ಕಾವಲು. ತಮಟೆಯವರು ಹೊಗೆಯನ್ನು ಆಚೆ ತುದಿಗೆ ಒಯ್ದರು. ಸೆಲ್ವಂ ಬೆಸುಗೆ ನಿಲ್ಲಿಸಿ, ಮಧ್ಯಾಹ್ನದ ಹುರಿದ ಮೀನನ್ನು ರಸ್ತೆಯಾಚೆ ಕೂತು ತಿಂದು, ಸೋಪು ಹಾಕಿ ಕೈ ತೊಳೆದು ಬಂದು ನನ್ನ ಮೂಗಿನ ಮುಂದೆ ಹಿಡಿದ. "ಪಾಟಿ, ಪಾಸಾ?"

"ಇನ್ನೊಂದು ಸಲ ತೊಳಿಯಪ್ಪ" ಎಂದೆ. ತೊಳೆದ.

ಸಂಜೆ ಹೊತ್ತಿಗೆ ಬರಿದಾಗಿದ್ದ ಕಡೆಯೂ ಹುಳ ತಲೆಯಾಡಿಸುತ್ತಾ ಎಳೆ ಎಳೆಯತೊಡಗಿದವು. ಕೆಲವು ಸತ್ತವು, ಎರಡೆರಡು ಸೇರಿ ಜೋಡಿ ಗೂಡು ಕಟ್ಟಿದವೂ ಇದ್ದವು. ಇರಲಿ. ನಮ್ಮೂರಲ್ಲೂ ಎಲ್ಲವೂ ಕಟ್ಟುವುದಿಲ್ಲ.

ಭಾನುವಾರ

ಸಂಜೆ ಬಿಸಿಲು ಇಳಿಯುವಾಗ ಮೇಡಂ ಬಂದರು. ಎತ್ತರದ ಹೆಂಗಸು, ಕತ್ತರಿಸಿದ ಬಿಳಿ ಕೂದಲು, ಒಳ್ಳೆಯ ಕೈಮಗ್ಗದ ಸೀರೆ. ಗೋದಾಮಿನ ಬಾಗಿಲಿಗೆ ಇನ್ನೂ ದೂರವಿರುವಾಗಲೇ ನನ್ನ ಮೂಗಿಗೆ ಗೊತ್ತಾಯಿತು. ಸೆಂಟು! ಅದೂ ಸಾಮಾನ್ಯದ್ದಲ್ಲ, ನಾಲ್ಕು ಮನೆಗೆ ಸಾಕಾಗುವಷ್ಟು.

ಒಳಗಿನ ಗೂಡುಗಳು ಮುಕ್ಕಾಲು ಪಾಲು ಬಲಿತಿದ್ದವು, ಕೆಲವು ಹುಳ ತೆಳು ಪರದೆಯ ಒಳಗೆ ಇನ್ನೂ ನೇಯುತ್ತಿದ್ದವು. ಬೀಡಿ ಆರಿಸಿದವಳು ನಾನು, ಮೀನು ಓಡಿಸಿದವಳು ನಾನು. ಆದರೆ ಶೆಡ್ಡು ಕೊಡುವವರೇ ಇವರು. ಇವರನ್ನು ಬಾಗಿಲಲ್ಲಿ ತಡೆದರೆ ಮಗುವಿನ ಗತಿ? ಹೋಗಲಿ, ಒಂದಿಷ್ಟು ಹುಳ ಕೆಟ್ಟರೂ ಕೆಡಲಿ ಎಂದು ನಾನು ಪಕ್ಕಕ್ಕೆ ಸರಿದೆ. ಐವತ್ತು ವರ್ಷದಲ್ಲಿ ಮೊದಲ ಸಲ.

ಚೈತ್ರ ಸರಿಯಲಿಲ್ಲ. ಬಾಗಿಲಿಗೆ ಅಡ್ಡ ಕೈ ಹಿಡಿದಳು.

"ಮೇಡಂ, ಸಾರಿ. ಸೆಂಟ್ ಪೋಟ್ಟು ಉಳ್ಳೆ ವರಕ್ಕೂಡಾದು."

ಸೆಂಟು ಹಾಕಿಕೊಂಡು ಒಳಗೆ ಬರುವ ಹಾಗಿಲ್ಲ! ಮೇಡಂ ಹುಬ್ಬು ಮೇಲೇರಿತು. ನನ್ನ ಮಗ "ಏಯ್ ಚೈತ್ರ" ಎಂದು ಮುಂದೆ ಬಂದ. ಅವನ ತೋಳು ಹಿಡಿದುಕೊಂಡೆ.

"ಯಾರು ಮಾಡಿದ ರೂಲ್?" ಎಂದು ಮೇಡಂ ಇಂಗ್ಲಿಷಿನಲ್ಲಿ ಕೇಳಿದರಂತೆ.

ಚೈತ್ರ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕನ್ನಡದಲ್ಲಿ, ಗಟ್ಟಿಯಾಗಿ ಹೇಳಿದಳು: "ಇದು ಹುಳದ ಮನೆ. ಇಲ್ಲಿ ಇದೇ ರೂಲು."

ಆಗ ನನಗೆ ಆದದ್ದನ್ನು ಬರೆಯಲು ನಾಲ್ಕನೇ ಕ್ಲಾಸು ಸಾಲದು. ಶೆಡ್ಡು ಹೋದರೂ ಹೋಗಲಿ, ಈ ಹುಡುಗಿ ನಮ್ಮ ಮನೆಯವಳು ಎಂದು ಕುಣಿಯಬೇಕು ಅನ್ನಿಸಿತು.

ಮೇಡಂ ಕೈಚೀಲವನ್ನು ಯಾರದೋ ಕೈಗೆ ಕೊಟ್ಟು ನಲ್ಲಿಯ ಹತ್ತಿರ ಹೋಗಿ ಕತ್ತು, ಕೈ, ಮೊಣಕೈ ತಿಕ್ಕಿ ತೊಳೆದರು. ಸುಮಿತ್ರ ನನ್ನ ಹಳೇ ಸೀರೆ ತಂದು ಅವರ ಮೈತುಂಬ ಹೊದಿಸಿದಳು. ಗಾಳಿಗೆ ನಿಂತು, ಶಾಲೆಯ ಮಗುವಿನ ಹಾಗೆ ನನ್ನನ್ನು ಕೇಳಿದರು: "ಪಾಟಿ, ಇಪ್ಪ ವರಲಾಮಾ?"

ಈಗ ಬರಬಹುದಾ ಅಂತ! ಮೂಸಿದೆ. "ಬನ್ನಿ ತಾಯಿ" ಎಂದೆ.

ಒಳಗೆ ಕೋರಾ ಬಟ್ಟೆ ಗಾಳಿಗೆ ಉಸಿರಾಡುತ್ತಿತ್ತು. ಚಂದ್ರಿಕೆಯ ಸುರುಳಿ ಸುರುಳಿಯಲ್ಲೂ ಹೊಂಬಣ್ಣದ ಗೂಡು. ಮೇಡಂ ಬಗ್ಗಿ, ತೆಳು ಗೂಡಿನೊಳಗೆ ತಲೆಯಾಡಿಸುವ ಒಂದು ಹುಳವನ್ನು ನೋಡುತ್ತಾ ಎಷ್ಟು ಹೊತ್ತು ನಿಂತರೋ. ಏಳುಮಲೈ ಬಾಗಿಲಿನಿಂದ ಮೆಲ್ಲಗೆ ಬಂದರು. ಚಂದ್ರಿಕೆಯ ಅಂಚಿನ ಒಂದು ಎಳೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಹೊಸೆದು ನೋಡಿದರು.

"ಮಿಲ್ಲು ಓಡುದು" ಎಂದರು. ಮಿಲ್ಲು ಓಡುತ್ತಿದೆ.

ಮೇಡಂ ಆ ಹುಡುಗನ ಕೆಲಸವನ್ನೂ ಹೋಗಿ ನೋಡಿ ಬಂದರು. ಆಮೇಲೆ ಚೈತ್ರಳ ತಲೆ ಸವರಿ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನಗೆ ಒಂದೇ ಪದ ತಿಳಿಯಿತು, ಶೆಡ್. ಚೈತ್ರ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು.

ಗೂಡನ್ನು ಮುಂದೇನು ಮಾಡುತ್ತೀರಿ ಎಂದು ಯಾರೋ ಕೇಳಿದರು. ಊರಲ್ಲಾದರೆ ಕುದಿಯುವ ನೀರಿಗೆ ಹೋಗುತ್ತವೆ. ಇಲ್ಲಿ ನೂಲು ಬಿಚ್ಚುವವರು ಯಾರು? ಚಿಟ್ಟೆಯಾಗಿ ಆಚೆ ಬರಲಿ ಎಂದೆ. ಇಷ್ಟು ವರ್ಷ ಹುಳ ಮೇಯಿಸಿ, ಮೊದಲ ಸಲ ಒಂದು ಬೆಳೆಯನ್ನು ಚಿಟ್ಟೆಗೆ ಬಿಟ್ಟೆ.

ಅದೇ ಸಂಜೆ

ಮಾದೇಶ ಊರಿಗೆ ಹೋಗಿ ಮತ್ತೆ ಬೀನ್ಸು ಹೊತ್ತು ತಂದು ಇಳಿಸಿ, ನನ್ನನ್ನು ಕರೆದೊಯ್ಯಲು ಬಂದಿದ್ದ. ಎಲ್ಲರೂ ಪುರಸೈವಾಕ್ಕಂ ಮನೆಯ ನೆಲದ ಮೇಲೆ ಸಾಲಾಗಿ ಕೂತೆವು. ರಾಗಿ ಮುದ್ದೆ ಹಬೆಯಾಡುತ್ತಿತ್ತು. ಹುರುಳಿಕಾಳಿನ ಬಸ್ಸಾರು ಒಲೆಯ ಮೇಲೆ ಸಪ್ಪೆಯಾಗಿ ಕಾದಿತ್ತು. ಸುಮಿತ್ರ ಬಾಣಲೆಗೆ ಎಣ್ಣೆ ಬಿಟ್ಟು ನನ್ನ ಮುಖ ನೋಡಿದಳು.

"ಅತ್ತೆ, ಹಾಕ್ಲಾ?"

ನಾನು ಚೈತ್ರಳ ಕಡೆ ಕೈ ತೋರಿಸಿದೆ. ಹುಳದ ಮನೆಯ ಯಜಮಾನಿ ಈಗ ಅವಳು.

ಅವಳು ಒಂದು ಕ್ಷಣ ಗಂಭೀರವಾಗಿ ಯೋಚಿಸಿದಳು. "ನಾಳೆ ತಲೆಗೆ ಸ್ನಾನ ಮಾಡ್ಕೊಂಡು ಹೋಗ್ತೀನಿ. ಹಾಕಮ್ಮ."

ಸಾಸಿವೆ ಚಟಪಟ ಎಂದಿತು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕರಿಬೇವು ಬಿದ್ದು ಘಾಟು ಮನೆ ತುಂಬಿತು. ಮಾದೇಶ ಸೀನಿದ. ಪಕ್ಕದ ಮನೆಯಿಂದಲೂ ಒಂದು ಸೀನು ಕೇಳಿಸಿತು. ನನ್ನ ಮಗ ಕಣ್ಣು ಮುಚ್ಚಿ ದೇವರ ಮುಂದೆ ಕೂತವನ ಹಾಗೆ ಉಸಿರು ಎಳೆದುಕೊಂಡ. ಮೊದಲ ತುತ್ತು ನುಂಗಿ, ಆಮೇಲೆ ಕೇಳಿದ:

"ಚೈತ್ರ, ಮುಂದಿನ ಬೆಳೆ ಯಾವಾಗ ಹೇಳಮ್ಮ. ನಾನು ಹೋಟೆಲ್ ನೋಡ್ಕಬೇಕು."

"ಅಪ್ಪಾ, ಹೋಟೆಲಲ್ಲೂ ಒಗ್ಗರಣೆ ಇರುತ್ತೆ. ವಾಸನೆ ಶರ್ಟ್ ಜತೆ ಬರಲ್ವಾ?"

ಸುಮಿತ್ರ ನಕ್ಕು ನಕ್ಕು ಸೌಟು ಕೆಳಗಿಟ್ಟಳು. ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.